ಕಾಳು ಬಂತು, ಕಲಿಸವರು ಬರಲಿಲ್ಲ

ಪರದೇಶದ ಮಂದಿ ಏನರ ಕುಡಿಲಿಕ್ಕೆ ಕೊಟ್ರ ನಾವು ಮೊದಲ ಮೂಸಿ ನೋಡತೇವಿ. ಆಮ್ಯಾಲೆ 'ಒಂಚೂರು ಸಕ್ಕರಿ ಹಾಕಿದ್ರ ಛಲೋ ಆಗತದ' ಅಂತೇವಿ. ವೈನಿ, ಕಾಕು, ಮಾವಶಿ, ಎಲ್ಲಾರಿಗೂ ಹೇಳತೇನಿ, ಎರಡೂ ಬ್ಯಾಡ. ಮೊದಲ ಅವರು ಕುಡಿಯೂಹಂಗ ಒಂದು ವಾಟಗಾ ಕುಡೀರಿ. ಆಮ್ಯಾಲೆ ಹೆಂಗ ಮಾಡಿದ್ರಿ ಅಂತ ಬಿಡದ ಕೇಳ್ರಿ. ಹಂಗ ಕೇಳಲಾರದ್ದಕ್ಕ ಏನಾತು ಅನ್ನೂದಕ್ಕ ಗೋವಿನಜೋಳದ ಕತಿ ಒಂದ ಸಾಕು.

ಈ ಸಲ ಲಾಸ್ ಏಂಜಲೀಸಿಗೆ ಮಗಳ ಮನಿಗೆ ಹೋದಾಗ ಬಾಜೂ ಮನಿ ಅಜ್ಜಿ ಒಂದು ದಿವಸ ಮುಂಜಾನೆ ನಮ್ಮನ್ನ ಕರದ್ರು. ಅವರು ಮಧ್ಯ ಅಮೇರಿಕಾದ ಎಲ್ ಸಾಲ್ವಡಾರ್ ದೇಶದವರು. ಅವರ ಮಾತು ಸ್ಪ್ಯಾನಿಶ್, ನಂದು ಕನ್ನಡ. ನಡುವ ಅವರ ಮೊಮ್ಮಗಳು ಮತ್ತ ನನ್ನ ಮಗಳು ಇಂಗ್ಲಿಷಿನಾಗ ಸೇತುವಿ ಕಟ್ಟಿದ್ರು.

ಕೊಟ್ಟದ್ದು 'ಆತೋಲ್ ಶೂಕೋ'. ಆತೋಲ್ ಅಂದ್ರ ಗಂಜಿ ಇದ್ದಂಗ, ಶೂಕೋ ಅಂದ್ರ ಅವರ ಕಡೆ ಮಾತಿನಾಗ ಹೊಲಸು! ಬೂದಿ, ನೇರಳಿ ಕೂಡಿದಂಥ ಅದರ ಬಣ್ಣಾ ನೋಡಿದ್ರ ಹೆಸರು ಯಾಕ ಬಂತು ಅಂತ ಕೇಳೂದ ಬ್ಯಾಡ. ಕರೇ ಗೋವಿನಜೋಳ ನೆನಿ ಹಾಕಿ, ಬೀಸಿ, ನೀರಾಗ ಕಲಸಿ ಸೋಸಿ, ರಾತ್ರಿಯೆಲ್ಲಾ ಹುಳಿ ಬರಲಿಕ್ಕೆ ಬಿಡತಾರ. ಮುಂಜಾನೆ ತಿರುವಿಕೋತ ಕುದಸತಾರ. ಮ್ಯಾಲೆ ಬೇಯಿಸಿದ ಬೀನ್ಸ್ ಕಾಳು, ಕುಂಬಳಬೀಜ ಹುರದು ಮಾಡಿದ ಪುಡಿ, ಮೆಣಸಿನಕಾಯಿ ಖಾರ. ಆ ಪುಡಿಗೆ 'ಅಲ್ಗುವಾಷ್ಟೆ' ಅಂತಾರ. ಹಾಕಿಕೊಡೂದು ಮೊರ್ರೊ ಅನ್ನೂ ಗಿಡದ ಗಟ್ಟಿ ಕಾಯಿ ಅರ್ಧಾ ಸೀಳಿ, ಒಳಗ ಕೆರದು ಮಾಡಿದ ಬಟ್ಟಲದಾಗ.

ಸಿಹಿ ಇಲ್ಲ. ಮೊದಲನೇ ಗುಟುಕಿಗೆ ಹುಳಿ, ಹಿಂದಿಂದ ಹುರದ ಬೀಜದ ವಾಸನಿ, ಕಡೀಕ ಖಾರ. ಜ್ವಾಳದ ಅಂಬಲಿ ಜೋಡಿ ಹಸಿ ಉಳ್ಳಾಗಡ್ಡಿ, ಗುರೆಳ್ಳಿನ ಹಿಂಡಿ ಕಡಕೊಂಡಂಗ ಆತು ನನಗ. ಪೂರಾ ಹಂಗ ಅಂತನೂ ಅಲ್ಲ, ಅಂಬಲಿಗಿಂತ ದಪ್ಪ, ನಾಲಿಗಿಗೆ ಹತ್ತಿಕೊಳ್ಳತದ, ನಡುನಡುವ ಕಾಳು ಹಲ್ಲಿಗೆ ಸಿಗತಾವ. 'ಅವ್ವಾ, ಬ್ಯಾಡಾದ್ರ ಬಿಡು' ಅಂದ್ಲು ಮಗಳು. ನಾ ಬಟ್ಟಲಾ ಬರಿದು ಮಾಡೇ ಕೆಳಗಿಟ್ಟೆ.

ಅವರ ಒಲಿ ಮ್ಯಾಲೆ ಇನ್ನೊಂದು ಪಾತೇಲಿ ಇತ್ತು. ಅದರಾಗ ರೊಟ್ಟಿಗೆ ಗೋವಿನಜೋಳ ಬೇಯತಿತ್ತು, ಬರೇ ನೀರಾಗ ಅಲ್ಲ, ಸುಣ್ಣದ ನೀರಾಗ! ಎಲಿ ಅಡಕಿಗೆ ನಾವು ಹಚ್ಚೂ ಸುಣ್ಣದಂಥಾದ್ದನ. ಬೆಂದ ಮ್ಯಾಲೆ ರಾತ್ರಿ ಹಂಗ ಬಿಟ್ಟು, ತೊಳದು, ಸಿಪ್ಪಿ ತಗದು ಬೀಸತಾರ. 'ಯಾಕ ಸುಣ್ಣ?' ಅಂತ ಕೇಳಿದ್ರ ಅಜ್ಜಿ 'ನಮ್ಮವ್ವ ಹಾಕತಿದ್ಲು, ಅಕಿ ಅವ್ವನೂ ಹಾಕತಿದ್ಲು' ಅಂದ್ರು. ನಮ್ಮ ಮನ್ಯಾಗೂ ಎಲ್ಲಾದಕ್ಕೂ ಇದ ಉತ್ತರ ಅಲ್ಲೇನು!

ಆದರ ಆ ಸುಣ್ಣದ ಹಿಂದ ದೊಡ್ಡ ಸಂಗತಿ ಅದ. ಗೋವಿನಜೋಳಾನ ಮನಶ್ಯಾ ಬೆಳಿಲಿಕ್ಕೆ ಹತ್ತಿದ್ದು ಮೆಕ್ಸಿಕೋದಾಗ, ಸುಮಾರು 9000 ವರ್ಷದ ಹಿಂದ. 1492ರ ನಂತರ ಹಡಗಿನಾಗ ಕಾಳು ಯುರೋಪಿಗೆ ಹೋತು. ಸುಣ್ಣದ ಪಾತೇಲಿ ಅಲ್ಲೇ ಉಳೀತು. ಅಡಗಿ ಮಾಡೂ ಹೆಣ್ಣಮಕ್ಕಳನ್ನ ಯಾರೂ ಕೇಳಲಿಲ್ಲ. ಬಡವರು ಮೂರೂ ಹೊತ್ತು ಬರೇ ಗೋವಿನಜೋಳಾ ತಿಂದ ಕಡೆ ಪೆಲಾಗ್ರಾ ಅನ್ನೂ ಬ್ಯಾನಿ ಬಂತು. ಚರ್ಮ ಸುಲೀತದ, ಹೊಟ್ಟಿ ಕೆಡತದ, ಕಡೀಕ ಬುದ್ಧಿ ಭ್ರಮಣಿ ಆಗತದ, ಜೀವಾನೂ ಹೋಗತದ. ಸ್ಪೇನಿನ ವೈದ್ಯ ಗ್ಯಾಸ್ಪರ್ ಕಸಾಲ್ 1735ರಾಗ ಇದನ್ನ ಬರದಿಟ್ಟರು. ಅಮೇರಿಕಾದ ದಕ್ಷಿಣ ರಾಜ್ಯದಾಗ 1914ರಿಂದ ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೂ ಡಾಕ್ಟರು ಇದು ಅಂಟುರೋಗ ಅಲ್ಲ, ಊಟದ ಕೊರತಿ ಅಂತ ತೋರಿಸಿದ್ರು. ಅದು ನಯಾಸಿನ್ ಅನ್ನೂ ವಿಟಮಿನ್ನಿನ ಕೊರತಿ ಅಂತ ತಿಳಿಯೂದರಾಗ 1937 ಆತು. ಕಾಳಿನಾಗ ಆ ವಿಟಮಿನ್ ಇರತದ, ಆದರ ಕಟ್ಟಿಹಾಕಿದಂಗ ಇರತದ, ಮೈಗೆ ಹತ್ತೂದಿಲ್ಲ. ಸುಣ್ಣ ಆ ಗಂಟು ಬಿಚ್ಚತದ.

ಎರಡು ನೂರು ವರ್ಷ ಡಾಕ್ಟರರು ಹುಡುಕಿದ ಬ್ಯಾನಿಗೆ ಔಷಧ ಆ ಅಜ್ಜಿಯಂಥವರ ಒಲಿ ಮ್ಯಾಲೆನ ಇತ್ತು. ನನಗ ಸಿಟ್ಟು ಬರೂದು ಇದಕ್ಕನ.

ನಮ್ಮಲ್ಲೂ ಕಾಳು ಬಂತು. ಹಾವೇರಿ, ದಾವಣಗೆರಿ ಕಡೆ ಹೊಲದ ತುಂಬ ಗೋವಿನಜೋಳ. ಹೆಚ್ಚಿನದು ಕೋಳಿ ಆಹಾರಕ್ಕ, ಕಾರಖಾನಿಗೆ ಹೋಗತದ. ನಮ್ಮ ಪಾಲಿಗೆ ಕೆಂಡದಾಗ ಸುಟ್ಟ ತೆನಿ ಅಷ್ಟ.

ಈಗ ನಮ್ಮ ಜ್ವಾಳದ ಪಾಳಿ. ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯದ ವರ್ಷ ಅಂತ ಮಾಡಿದ ಮ್ಯಾಲಂತೂ ಜ್ವಾಳಕ್ಕ ಭಾರೀ ಮರ್ಯಾದಿ ಬಂದದ, ಚಂದನ ಪಾಕೀಟಿನಾಗ ಪರದೇಶಕ್ಕೂ ಹೊಂಟದ. ಆದರ ಅಂಬಲಿ ಬ್ಯಾಸಗ್ಯಾಗ ಎಷ್ಟು ಹೊತ್ತು ಹುಳಿ ಬಿಡಬೇಕು, ಥಂಡ್ಯಾಗ ಎಷ್ಟು, ಮಜ್ಜಿಗಿ ಯಾವಾಗ ಹಾಕಬೇಕು, ಇದನ್ನ ಪಾಕೀಟು ಹೇಳೂದಿಲ್ಲ. ಅದು ನಮ್ಮ ಕೈಯಾಗ ಅದ, ನಾವು ಹೇಳದಿದ್ರ ನಮ್ಮ ಕೂಡನ ಹೋಗತದ.

ಅದಕ್ಕ ಯಾರರ ಗುರ್ತಿಲ್ಲದ ಬಟ್ಟಲಾ ಮುಂದ ಹಿಡದ್ರ ಸಕ್ಕರಿ ಡಬ್ಬಿ ಕೇಳಬ್ಯಾಡ್ರಿ. ಕುಡೀರಿ, ಕೇಳ್ರಿ, ಬರಕೊಳ್ರಿ. ನಿಮ್ಮ ಮನಿಗೆ ಬಂದವರಿಗೂ ಬರೇ ಚಹಾ ಕೊಟ್ಟು ಕಳಸಬ್ಯಾಡ್ರಿ, ಅಂಬಲಿ ಕೊಡ್ರಿ. ಮೊಮ್ಮಗಳು 'ಯಾಕ ಹಿಂಗ ಮಾಡತಿ?' ಅಂದ್ರ 'ನಮ್ಮವ್ವ ಮಾಡತಿದ್ಲು' ಅಂತ ಹೇಳ್ರಿ. ಹೇಳಿ ಸುಮ್ಮನಾಗಬ್ಯಾಡ್ರಿ, ಅಕಿ ಕೈಲೆ ಒಮ್ಮೆ ಮಾಡಸ್ರಿ.