ಗಂಟೆಯ ಖಾತ್ರಿಯಿಲ್ಲದ ನೌಕರಿ: ಬ್ರಿಟನ್ನಿನ ವ್ಯಾಪಾರ ಸಚಿವರಿಗೆ ಬಹಿರಂಗ ಪತ್ರ



ಝೀರೋ ಅವರ್ ಕರಾರಿನಲ್ಲಿ ವಾರಕ್ಕೆ ಇಷ್ಟು ಗಂಟೆ ಕೆಲಸ ಎಂಬ ಖಾತ್ರಿ ಇರುವುದಿಲ್ಲ. ಕರೆದಾಗ ಹೋದರೆ ದುಡಿದಷ್ಟು ಗಂಟೆಗೆ ಸಂಬಳ. ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಸಾಮಾನ್ಯವಾಗಿ ನೌಕರರಿಗೂ ಉಂಟು. ಹಾಗೆಂದವರಿಗೆ ಮುಂದಿನ ವಾರ ಎಷ್ಟು ಪಾಳಿ ಸಿಗುತ್ತದೆ ಎಂಬುದು ಬೇರೆ ಮಾತು. ಬ್ರಿಟನ್ನಿನಲ್ಲಿ ಹೀಗೆ ದುಡಿಯುವವರು ಹತ್ತು ಲಕ್ಷಕ್ಕೂ ಹೆಚ್ಚು, ಅಂದರೆ ಉದ್ಯೋಗಸ್ಥರಲ್ಲಿ ಸುಮಾರು ಶೇ 3. ಹೋಟೆಲು, ಅಂಗಡಿ, ವೃದ್ಧರ ಆರೈಕೆಯಲ್ಲಿ ಇವರ ಸಂಖ್ಯೆ ದೊಡ್ಡದು. ಇಪ್ಪತ್ತೈದರೊಳಗಿನ ಯುವಜನರ ಪಾಲೂ ದೊಡ್ಡದು.

ಈ ಪದ್ಧತಿ ಇರಬೇಕೇ ಬೇಡವೇ ಎಂದು ಜನರನ್ನು ಕೇಳಿದರೆ ಬರುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. 2017ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ನೌಕರರಿಗೆ ನಿಗದಿತ ಗಂಟೆಗಳ ಆಯ್ಕೆ ಕೊಟ್ಟಾಗ, ಸುಮಾರು ಶೇ 80 ಮಂದಿ ಹಳೆಯ ಕರಾರೇ ಸಾಕೆಂದರೆಂದು ಕಂಪನಿ ಹೇಳಿತು. ಕಾರ್ಮಿಕ ಸಂಘಗಳ ಒಕ್ಕೂಟವಾದ ಟಿಯುಸಿ ನಡೆಸಿದ ಸಮೀಕ್ಷೆಯಲ್ಲಿ ಬಹುಪಾಲು ಮಂದಿ ಖಾತ್ರಿಯ ಗಂಟೆ ಬೇಕೆಂದರು. ಎರಡರಲ್ಲಿ ಒಂದು ಸುಳ್ಳಾಗಿರಬೇಕಿಲ್ಲ. ಪರೀಕ್ಷೆಯ ವಾರದಲ್ಲಿ ರಜೆ ಬೇಕಾದ ವಿದ್ಯಾರ್ಥಿಗೆ ಸಡಿಲ ಕರಾರು ಅನುಕೂಲ. ಮನೆ ಬಾಡಿಗೆ ಕಟ್ಟಬೇಕಾದ ಆರೈಕೆ ಕೆಲಸದವಳಿಗೆ ಅದೇ ಕುತ್ತು. ಬಸ್ ಹತ್ತಿದ ಮೇಲೆ ಪಾಳಿ ರದ್ದಾದ ಸಂದೇಶ ಬಂದರೆ ಟಿಕೆಟ್ಟಿನ ಹಣವೂ ಹೋಯಿತು, ದಿನವೂ ಹೋಯಿತು. ಕರ್ನಾಟಕದಿಂದ ಪದವಿ ಓದಲು ಹೋದವರ ಕಷ್ಟ ಇನ್ನೊಂದು ಬಗೆಯದು. ತರಗತಿ ನಡೆಯುವ ದಿನಗಳಲ್ಲಿ ವೀಸಾ ನಿಯಮದಂತೆ ಅವರು ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಈ ವಾರ ತಪ್ಪಿದ ಗಂಟೆಗಳನ್ನು ಮುಂದಿನ ವಾರ ಮಿತಿ ಮೀರಿ ದುಡಿದು ತುಂಬಿಕೊಳ್ಳಲೂ ಬಾರದು.

ನಿಷೇಧವೊಂದೇ ದಾರಿಯಲ್ಲ, ಆದರೆ ಅಸಾಧ್ಯವೂ ಅಲ್ಲ. ನ್ಯೂಜಿಲೆಂಡ್ 2016ರಲ್ಲಿ ಇಂತಹ ಕರಾರುಗಳಿಗೆ ಕಡಿವಾಣ ಹಾಕಿತು. ಐರ್ಲೆಂಡ್ 2019ರಿಂದ ಬಹುಮಟ್ಟಿಗೆ ನಿಲ್ಲಿಸಿದೆ. ಬ್ರಿಟನ್ 2015ರಲ್ಲಿ ತೆಗೆದುಹಾಕಿದ್ದು ಒಂದೇ ಷರತ್ತು: ಕೆಲಸ ಕೊಡದಿದ್ದರೂ ಬೇರೆಡೆ ದುಡಿಯಬಾರದೆಂಬ ಕಟ್ಟು. ಅಷ್ಟನ್ನು ತೆಗೆಯಲು ಕಾಯ್ದೆಯೇ ಬೇಕಾಯಿತೆಂಬುದು ಸೋಜಿಗ.

2025ರ ಉದ್ಯೋಗ ಹಕ್ಕುಗಳ ಕಾಯ್ದೆ ನಡುದಾರಿ ಹಿಡಿದಿದೆ. ನಿರ್ದಿಷ್ಟ ಅವಧಿಯಲ್ಲಿ ನೌಕರ ದುಡಿದ ಗಂಟೆಗಳನ್ನು ಲೆಕ್ಕ ಹಾಕಿ, ಅದಕ್ಕೆ ತಕ್ಕ ಖಾತ್ರಿಯನ್ನು ಮಾಲೀಕನೇ ಮುಂದಿಡಬೇಕು. ಬೇಡವೆನ್ನುವ ಆಯ್ಕೆ ನೌಕರನದು. ಕೊನೆ ಗಳಿಗೆಯಲ್ಲಿ ಪಾಳಿ ರದ್ದಾದರೆ ಪರಿಹಾರವೂ ಉಂಟು. ಗಂಟೆಗಳ ಖಾತ್ರಿಯನ್ನು ನೌಕರ ಕೇಳಿದರೆ ಮಾತ್ರ ಕೊಡಲಿ ಎಂಬ ತಿದ್ದುಪಡಿಗೆ ಸಂಸತ್ತಿನ ಮೇಲ್ಮನೆ ಒತ್ತಾಯಿಸಿತ್ತು. ಅದು ಒಪ್ಪಿಗೆಯಾಗದೆ ಹೋದದ್ದು ಒಳ್ಳೆಯದೇ ಆಯಿತು. ಪಾಳಿ ಹಂಚುವ ಮ್ಯಾನೇಜರನ ಮುಂದೆ ನಿಂತು ಹಕ್ಕು ಕೇಳುವ ಧೈರ್ಯ ಹತ್ತೊಂಬತ್ತರ ಹುಡುಗಿಗೆ ಎಲ್ಲಿಂದ ಬರಬೇಕು?

ಲೆಕ್ಕದ ಅವಧಿ ಎಷ್ಟು ವಾರ, ಪಾಳಿಯನ್ನು ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದನ್ನು ಕಾಯ್ದೆ ಸಚಿವಾಲಯದ ನಿಯಮಗಳಿಗೆ ಬಿಟ್ಟಿದೆ. ಅವಧಿ ತೀರ ಉದ್ದವಾದರೆ, ಅದು ಮುಗಿಯುವ ಮೊದಲೇ ಕೆಲಸ ಬಿಡುವವರಿಗೆ ಏನೂ ದಕ್ಕದು. ಅದಕ್ಕಿಂತ ಮುಖ್ಯವಾದದ್ದು, ವಾರಕ್ಕೆ ಎಷ್ಟು ಗಂಟೆಯವರೆಗಿನ ಖಾತ್ರಿಯ ಕರಾರುಗಳಿಗೆ ಕಾಯ್ದೆ ಅನ್ವಯಿಸಬೇಕು ಎಂದು ಗೊತ್ತುಮಾಡುವ ಮಿತಿ. ಅದು ಎಂಟು ಗಂಟೆಯಾದರೆ ಒಂಬತ್ತು ಗಂಟೆಯ ಕರಾರು ಬರೆದು, ಮೂವತ್ತು ಗಂಟೆ ದುಡಿಸಿಕೊಂಡೂ ಕಾಯ್ದೆಯಿಂದ ನುಣುಚಿಕೊಳ್ಳಬಹುದು. ಆದ್ದರಿಂದ ಆ ಮಿತಿಯನ್ನು ಪೂರ್ಣಾವಧಿ ಕೆಲಸದ ಹತ್ತಿರಕ್ಕೆ ಏರಿಸಬೇಕು.