ಬಿಳಿ ಸೆರಗೆಂದು ಸುಮ್ಮನಿರಬೇಡಿ

ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಸೋದರಿಯೊಬ್ಬರು ಬರೆದಿದ್ದಾರೆ: ‘ಆರು ತಿಂಗಳಲ್ಲಿ ಮೂರು ಸಲ ಬಿಳಿ ಸೆರಗು, ತಡೆಯಲಾರದ ನವೆ. ಔಷಧಿಗೆ ಹೋಗುತ್ತದೆ, ಮತ್ತೆ ಬರುತ್ತದೆ. ನಮ್ಮ ಯಜಮಾನರು ಕೆಲಸದ ಮೇಲೆ ಊರೂರು ತಿರುಗುವವರು. ಇದು ಎಚ್‌ಐವಿ ಇರಬಹುದೇ? ಆಳನ್ನು ನೋಡಿದರೆ ಗೊತ್ತಾಗುವುದೇ?’

ಮೊದಲು ಧೈರ್ಯ ತಂದುಕೊಳ್ಳಿ ತಾಯಿ. ಸಕ್ಕರೆ ಕಾಯಿಲೆಯಲ್ಲಿ, ಬಸುರಿನಲ್ಲಿ, ಆಂಟಿಬಯಾಟಿಕ್ ಮಾತ್ರೆ ನುಂಗಿದ ಮೇಲೆ ಕೂಡ ಹೀಗಾಗುವುದುಂಟು. ಆದರೆ ಚಿಕಿತ್ಸೆಯಾದರೂ ಮರುಕಳಿಸುತ್ತಿದ್ದರೆ ಎಚ್‌ಐವಿಯೂ ಒಂದು ಕಾರಣವಿರಬಹುದು. ಪದೇ ಪದೇ ಕಿಬ್ಬೊಟ್ಟೆ ನೋವು, ಮುಟ್ಟಿನ ಏರುಪೇರು ಇದ್ದರೂ ಅಷ್ಟೇ. ನಾವು ಹೆಂಗಸರು ಇದನ್ನೆಲ್ಲ ‘ಉಷ್ಣ’ ಅಂದುಬಿಡ್ತೀವಿ. ಎಳನೀರು ಕುಡಿದು, ಮೆಂತ್ಯ ನೆನೆಹಾಕಿ ದಿನ ದೂಡ್ತೀವಿ!

ವೈರಸ್ ಮೈ ಸೇರಿದ 2ರಿಂದ 4 ವಾರಗಳಲ್ಲಿ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ದದ್ದು, ಕತ್ತು-ಕಂಕುಳಲ್ಲಿ ಗಂಟು ಕಾಣುತ್ತವೆ. ಫ್ಲೂ ಎಂದುಕೊಳ್ಳುವಷ್ಟರಲ್ಲಿ ತಾನೇ ಇಳಿದು ಹೋಗುತ್ತದೆ. ಆಮೇಲೆ ಎಷ್ಟೋ ವರ್ಷ ಏನೂ ಇಲ್ಲ, ಆಳು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ತೂಕ ಇಳಿಯುವುದು, ರಾತ್ರಿ ಬೆವರು, ಬಾಯಲ್ಲಿ ಬಿಳಿ ಪೊರೆ, ನಿಲ್ಲದ ಭೇದಿ, ಕ್ಷಯ ಇವೆಲ್ಲ ಸಾಮಾನ್ಯವಾಗಿ ತಡವಾದ ಮೇಲಿನ ಮಾತು. ಆಳನ್ನು ನೋಡಿ ನಿಮಗೂ ಗೊತ್ತಾಗದು, ನನಗೂ ಗೊತ್ತಾಗದು. ರಕ್ತ ಪರೀಕ್ಷೆಯೇ ಹೇಳಬೇಕು.

‘ಗಂಡನನ್ನು ಬಿಟ್ಟು ಬೇರೆಯವರನ್ನು ಕಂಡವಳಲ್ಲ, ನನಗೇಕೆ ಪರೀಕ್ಷೆ?’ ಎಂದು ಕೇಳುವವರಿದ್ದಾರೆ. ಗಂಡನಿಂದಲೇ ಸೋಂಕು ತಗುಲಿದ ಹೆಂಗಸರು ನಮ್ಮಲ್ಲಿ ಬಹಳ. ಬಸುರಿಯಾದಾಗಿನ ಪರೀಕ್ಷೆಯಲ್ಲೇ ಎಷ್ಟೋ ಜನಕ್ಕೆ ಮೊದಲು ತಿಳಿಯುವುದು. ಆಗಲೇ ಔಷಧಿ ಶುರುಮಾಡಿದರೆ ಮಗುವನ್ನು ಉಳಿಸಿಕೊಳ್ಳಬಹುದು ಎನ್ನುವುದು ಸಮಾಧಾನದ ಸಂಗತಿ.

ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಐಸಿಟಿಸಿ ಎಂಬ ಕೇಂದ್ರವಿದೆ. ಅಲ್ಲಿ ದುಡ್ಡು ಕೇಳುವುದಿಲ್ಲ. 2017ರ ಕಾಯಿದೆಯಂತೆ ನಿಮ್ಮ ಒಪ್ಪಿಗೆ ಪಡೆದೇ ಪರೀಕ್ಷಿಸಬೇಕು, ಫಲಿತಾಂಶವನ್ನು ಗುಟ್ಟಾಗಿಡಬೇಕು. ಸೋಂಕು ತೀರಾ ಹೊಸದಾಗಿದ್ದರೆ ರಕ್ತದಲ್ಲಿ ಸಿಕ್ಕದೇ ಹೋಗಬಹುದು, 3 ತಿಂಗಳಿಗೆ ಇನ್ನೊಮ್ಮೆ ಮಾಡಿಸಿ. ಇದೆ ಎಂದರೂ ಎದೆಗುಂದಬೇಡಿ. 2004ರಿಂದ ಸರ್ಕಾರವೇ ಮಾತ್ರೆ ಉಚಿತವಾಗಿ ಕೊಡುತ್ತಿದೆ. ದಿನ ತಪ್ಪಿಸದೆ ನುಂಗಿದವರು ಸಂಸಾರ ನಡೆಸಿಕೊಂಡು, ಮಕ್ಕಳ ಮದುವೆ ಮಾಡಿಕೊಂಡು ಬಾಳುತ್ತಿದ್ದಾರೆ. ಸೋಂಕಿರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರಿನ ಭಯ ಹೆಚ್ಚು. ಅದರ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು.

ಯಜಮಾನರನ್ನೂ ಕರೆದುಕೊಂಡು ಹೋಗಿ. ಒಲ್ಲೆ ಎಂದರೆ, ಜಗಳ ಬೇಡ, ನೀವೊಬ್ಬರೇ ಹೋಗಿ ಬನ್ನಿ. ಫಲಿತಾಂಶ ತಿಳಿಯುವವರೆಗೆ ನಿರೋಧ್ ಇಲ್ಲದೆ ಸೇರಬೇಡಿ. ಹೋಗಲು ಕಾಲೇ ಬಾರದಿದ್ದರೆ ಮೊದಲು 1097ಕ್ಕೆ ಫೋನ್ ಮಾಡಿ, ಕಾಸು ಖರ್ಚಿಲ್ಲ.