ಮೊಬೈಲ್ ಕಸಿದುಕೊಂಡರೆ ಸಾಕೇ?

ಬೆಳಗ್ಗೆ ಐದಕ್ಕೆ ಹೋಟೆಲಿನ ಶಟರ್ ಎತ್ತುವ ತಂದೆ ಮನೆ ಸೇರುವಾಗ ರಾತ್ರಿ ಹನ್ನೊಂದು. ಭಿವಂಡಿ, ಕಲ್ಯಾಣ್, ಡೊಂಬಿವಲಿ ಪರಿಸರದ ನಮ್ಮವರ ಅನೇಕ ಮನೆಗಳ ಕತೆಯಿದು. ಶಾಲೆಯಿಂದ ಮರಳಿದ ಹದಿಹರೆಯದ ಮಗನಿಗೆ ಜೊತೆಯಾಗಿ ಉಳಿಯುವುದು ಮೊಬೈಲ್ ಒಂದೇ.

ಇತ್ತೀಚೆಗೆ ಬ್ಯಾಂಕಿನ ಕೌಂಟರಿಗೆ ಬಂದ ಊರ ಕಡೆಯವರೊಬ್ಬರು ಪಾಸ್‌ಬುಕ್ ಮುಂದಿಟ್ಟು, "ಮಾರಾಯ್ರೆ, ಈ ಹಣ ಎಲ್ಲಿಗೆ ಹೋಯಿತು?" ಎಂದು ಕೇಳಿದರು. ಐವತ್ತು, ನೂರರಂತೆ ಖಾತೆಯಿಂದ ಸೋರಿದ್ದು ಒಂಬತ್ತನೇ ತರಗತಿಯ ಮಗನ ಆನ್‌ಲೈನ್ ಆಟಕ್ಕೆ. ಅವರು ಎರಡೇಟು ಕೊಟ್ಟು ಮೊಬೈಲ್ ಕಸಿದುಕೊಂಡರು. ಹುಡುಗ ಮರುದಿನದಿಂದ ಶಾಲೆಗೇ ಹೋಗಲಿಲ್ಲ. ಗಣಿತದಲ್ಲಿ ಹಿಂದೆ ಬಿದ್ದ ಆತ ತರಗತಿಯಲ್ಲಿ ನಗೆಪಾಟಲಾಗಿದ್ದನಂತೆ. ಆತ ಗೆಲ್ಲುತ್ತಿದ್ದುದು ಮೊಬೈಲಿನ ಆಟದಲ್ಲಿ ಮಾತ್ರ!

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿ, 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ಚಟವೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷ ಇವು ಮುಂದುವರಿದರೆ ಮಾತ್ರ ಅದು ಕಾಯಿಲೆ. ಮೊಬೈಲ್ ಹಿಡಿದ ಮಕ್ಕಳೆಲ್ಲ ರೋಗಿಗಳಲ್ಲ. ಬೆಂಗಳೂರಿನ ನಿಮ್ಹಾನ್ಸ್ ಈ ಸಮಸ್ಯೆಗೆಂದೇ 2014ರಲ್ಲಿ 'ಶಟ್' ಕ್ಲಿನಿಕ್ ತೆರೆಯಿತು.

2020ರ ಲಾಕ್‌ಡೌನ್‌ನಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಟ್ಟದ್ದು ಶಾಲೆ ಮತ್ತು ನಾವು. ಹೋಮ್‌ವರ್ಕನ್ನು ವಾಟ್ಸಾಪ್‌ನಲ್ಲಿ ಕಳುಹಿಸಿ, ಮೊಬೈಲ್ ಮುಟ್ಟಬೇಡ ಎಂದರೆ ಮಗು ಯಾರ ಮಾತು ಕೇಳಬೇಕು? 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ ಕಾನೂನು ಮಾಡಿತು. ಆದರೆ ಉಳಿದ ಆಟಗಳು, ರೀಲ್‌ಗಳು ಹಾಗೆಯೇ ಇವೆ. ಮನೆಯೊಳಗೆ ಬಂದು ಕಾವಲು ಕೂರಲು ಕಾನೂನಿಗೆ ಸಾಧ್ಯವಿಲ್ಲ.

ಹೆತ್ತವರು ದಿನಕ್ಕೊಂದು ಊಟವನ್ನಾದರೂ ಮೊಬೈಲ್ ಬದಿಗಿಟ್ಟು ಮಕ್ಕಳೊಂದಿಗೆ ಮಾಡಲಿ. ಯುಪಿಐ ಪಿನ್ ತಮ್ಮಲ್ಲೇ ಇಟ್ಟುಕೊಳ್ಳಲಿ. ಅಂಕ ಕಡಿಮೆಯಾದಾಗ ಬೈಯುವ ಮೊದಲು ಕಾರಣ ಕೇಳಲಿ. ಶಾಲೆಗಳು ಆಟದ ಪಿರಿಯಡನ್ನು ಪಾಠಕ್ಕೆ ಕಸಿಯದಿರಲಿ. ವರ್ಷಕ್ಕೊಮ್ಮೆ ಪುಸ್ತಕ, ವಿದ್ಯಾರ್ಥಿವೇತನ ವಿತರಿಸುವ ನಮ್ಮ ಸಂಘ-ಸಂಸ್ಥೆಗಳ ಕಾರ್ಯ ಶ್ಲಾಘನೀಯ. ಜೊತೆಗೆ ಭಾನುವಾರ ಸಂಜೆ ಕಚೇರಿಯ ಬಾಗಿಲು ತೆರೆದು ಮಕ್ಕಳಿಗೆ ಗಣಿತ ಪಾಠ, ಕೇರಂ, ಯಕ್ಷಗಾನ ಹೆಜ್ಜೆಗೆ ಅವಕಾಶ ಕೊಟ್ಟರೆ ಅದಕ್ಕೆ ದೊಡ್ಡ ಖರ್ಚೇನೂ ಬಾರದು. ಸಮಸ್ಯೆ ಕೈ ಮೀರಿದರೆ ಸರಕಾರದ ಉಚಿತ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಲು ನಾಚಿಕೆ ಬೇಡ.

ಮಕ್ಕಳ ಭವಿಷ್ಯಕ್ಕಾಗಿಯೇ ಊರು ಬಿಟ್ಟು ಬಂದವರು ನಾವು. ಆ ಮಕ್ಕಳೊಂದಿಗೆ ಮಾತನಾಡಲು ಅರ್ಧ ಗಂಟೆ ಉಳಿಸಿಕೊಳ್ಳದಿದ್ದರೆ, ದುಡಿದದ್ದು ಯಾರಿಗಾಗಿ?